ಪಂದ್ಯಕ್ಕಲ್ಲದ ಹದಿನೈದನೇ ಕಾರ್ಡು

ನಾನು ಬರೆದ ಹದಿನಾಲ್ಕು ಕಾರ್ಡುಗಳು ಒಂದರ ಹಿಂದೊಂದು ಸತ್ತವು. ಹದಿನೈದನೆಯದರ ಹೊತ್ತಿಗೆ ನನ್ನ ಕೈಯಿಂದ ಒಂದು ತಪ್ಪಾಯಿತು, ಒಂದು ಕಳ್ಳತನವೂ ಆಯಿತು. ತಪ್ಪು ಗೊತ್ತಿಲ್ಲದೆ ಆದದ್ದು. ಕಳ್ಳತನ ಗೊತ್ತಿದ್ದೇ ಮಾಡಿದ್ದು.

ಚನ್ನಗಿರಿಯ ಹಾಲಸ್ವಾಮಿಯವರ ಪ್ರೆಸ್ಸಿನಲ್ಲಿ ನಾನು ಮೂವತ್ತು ವರ್ಷ ಲಗ್ನಪತ್ರಿಕೆ ಮಡಚಿದವಳು. ಈಗ ಪ್ರೆಸ್ಸು ಅವರ ಮಗಳು ಮೇಘಶ್ರೀಯದು. ಲಗ್ನಪತ್ರಿಕೆಗಳೆಲ್ಲ ಫೋನಿನೊಳಗೆ ಹೋಗಿ ಕೂತ ಮೇಲೆ, ಯಂತ್ರ ಸುಮ್ಮನೆ ನಿಲ್ಲಬಾರದು ಅಂತ ಆ ಹುಡುಗಿ ಒಂದು ಕಾರ್ಡಿನ ಆಟ ಕಟ್ಟಿದಳು. ಹೆಸರು ‘ನಾಕೂರ ಸಂತೆ’. ಒಂದು ಪಾಕೀಟಿನಲ್ಲಿ ಐದು ಕಾರ್ಡು. ಹರಿದು ನೋಡುವ ತನಕ ಒಳಗೆ ಯಾವುದಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಜನ ಕೂಡಿಟ್ಟುಕೊಳ್ಳುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ, ಒಂದು ‘ಮಲ್ಲಿಗೆ ದಂಡೆ’ಗೆ ಮೂರು ‘ಈರುಳ್ಳಿ ಚೀಲ’ ಕೊಟ್ಟು ಆಮೇಲೆ ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಆಟ ಸರಳ. ಇಬ್ಬರು ಎದುರುಬದುರು ಕೂತು ತಮ್ಮ ತಮ್ಮ ಮುಂದೆ ಏಳು ಮಾಲಿನ ಕಾರ್ಡು ಹರವುತ್ತಾರೆ. ಒಂದೊಂದು ಮಾಲಿಗೂ ಒಂದೊಂದು ತೂಕ. ನಿಮ್ಮ ಸರದಿ ಬಂದಾಗ ನೀವು ಒಂದು ಮಾಲು ಮಾರಬಹುದು. ಎದುರಿನವರು ಕೈಯಲ್ಲಿರುವ ‘ಬಾಯಿ’ ಕಾರ್ಡು ಹಾಕಿ ಚೌಕಾಸಿ ಮಾಡುತ್ತಾರೆ. ಅವರ ಬಾಯಿ ನಿಮ್ಮ ತೂಕಕ್ಕಿಂತ ದೊಡ್ಡದಾದರೆ ಮಾಲು ಅಲ್ಲೇ ಕೂತಿತು, ಸಣ್ಣದಾದರೆ ಮಾರಿಹೋಯಿತು. ಯಾರ ಅಂಗಡಿ ಮೊದಲು ಖಾಲಿಯಾಗುತ್ತದೋ ಅವರು ಗೆದ್ದಂತೆ.

ಹೊಸ ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಸ್ವಲ್ಪ ದಿನ ಪರೀಕ್ಷೆ ಕಾರ್ಡಾಗಿ ಬಾಳಬೇಕು. ಹಾಳಾದ ಲಗ್ನಪತ್ರಿಕೆಯ ದಪ್ಪ ಹಾಳೆ ಕತ್ತರಿಸಿ, ಮೇಲೆ ಕೈಬರಹದ ಚೀಟಿ ಅಂಟಿಸಿ, ನೀಲಿ ಮೊಹರು ಒತ್ತುತ್ತೇವೆ: ‘ಪರೀಕ್ಷೆ ಕಾರ್ಡು. ಪಂದ್ಯಕ್ಕಲ್ಲ.’ ಅದನ್ನಿಟ್ಟುಕೊಂಡು ಆಡಿ ನೋಡಿ, ಸರಿಬಂದರೆ ಮೇಘಶ್ರೀ ನಂಬರು ಕೊಡುತ್ತಾಳೆ. ನಂಬರು ಬಿದ್ದರೆ ಅದು ನಿಜವಾದ ಕಾರ್ಡು, ಕೆಳಗೆ ಸಣ್ಣಕ್ಷರದಲ್ಲಿ ಬರೆದವರ ಹೆಸರೂ ಇರುತ್ತದೆ. ಬೀಳದಿದ್ದರೆ ಪ್ರೆಸ್ಸಿನ ಹಳೇ ಬಿಸ್ಕೀಟು ಡಬ್ಬಿಯೇ ಗತಿ.

ಆಡಿ ನೋಡುವುದಕ್ಕೆ ಅವಳು ಕಾಲೇಜಿನ ಹುಡುಗರನ್ನು ಕರೆಯಲಿಲ್ಲ, ನಮ್ಮಂಥವರನ್ನು ಕರೆದಳು. ಹುಡುಗರಿಗೆ ನಿಯಮ ಹೇಳಿದರೆ ಪಾಲಿಸುತ್ತಾರಂತೆ. ನಾವು ಅದರಲ್ಲಿ ತೂತು ಎಲ್ಲಿದೆ ಅಂತ ಹುಡುಕುತ್ತೇವಂತೆ. ನಾನು, ಜಗಳೂರಿನ ದುರುಗಕ್ಕ, ಇನ್ನಿಬ್ಬರು. ದುರುಗಕ್ಕ ನಲವತ್ತು ವರ್ಷ ಬಳೆ ತೊಡಿಸಿದವಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಎರಡು ದಿನ ನನ್ನ ಮನೆಯಲ್ಲಿದ್ದು, ಆಡಿ, ಜಗಳ ಮಾಡಿ ಹೋಗುತ್ತಾಳೆ.

ನನ್ನ ಕಾರ್ಡುಗಳು ಸತ್ತದ್ದು ಹೀಗೆ. ‘ಬಸ್ಸು ಬಂತು’ ಅಂತ ಒಂದು ಬರೆದಿದ್ದೆ. ಅದನ್ನು ಹಾಕಿದರೆ ಎದುರಿನವರು ಎದ್ದು ಮೇಜಿಗೆ ಒಂದು ಸುತ್ತು ಬರಬೇಕು. ಪರೀಕ್ಷೆಗೆ ಕೂತಿದ್ದ ಪಕ್ಕದ ಅಂಗಡಿಯವರು ಸುತ್ತು ಬರಲು ಎದ್ದವರು ಹಾಗೇ ಮನೆಗೆ ಹೋದರು. ‘ಇನ್ನೊಂದು ಲೋಟ ಚಾ’ ಹಾಕಿದರೆ ಚಾ ಬರುವ ತನಕ ಆಟ ನಿಲ್ಲಬೇಕು. ಆಟ ನಿಂತಿತು, ಆದರೆ ಚಾ ತರುವವರು ಯಾರು ಅಂತ ಕಾರ್ಡಿನಲ್ಲಿ ಬರೆದಿರಲಿಲ್ಲ. ‘ಕಣ್ಣೀರು’ ಹಾಕಿದವರಿಗೆ ನಿಜವಾಗಿ ಅಳು ಬಂದರೆ ಚೌಕಾಸಿಯಿಲ್ಲದೆ ಮಾಲು ಹೋಗುತ್ತದೆ. ದುರುಗಕ್ಕನಿಗೆ ಎಡಗಣ್ಣಲ್ಲಿ ಮಾತ್ರ ನೀರು ಬಂತು. ಅರ್ಧ ಮಾಲಾದರೂ ಹೋಗಬೇಕು ಅಂತ ಅವಳು ಸಂಜೆ ತನಕ ವಾದ ಮಾಡಿದಳು. ಅದೂ ಡಬ್ಬಿಗೆ ಹೋಯಿತು.

ಹದಿನೈದನೆಯದು ‘ಯಾರ ಪೈಕಿ?’. ನನ್ನ ಕೈಯಿಂದಲೇ ದಪ್ಪಕ್ಷರದಲ್ಲಿ ಬರೆದೆ: ‘ಎದುರಿನವರಿಗೆ ಮೂರು ಪ್ರಶ್ನೆ ಕೇಳಿ. ಅವರು ನಿಜವನ್ನೇ ಹೇಳಬೇಕು. ಅವರೂ ನೀವೂ ಹೇಗೆ ನೆಂಟರಾಗಬೇಕು ಅಂತ ತೋರಿಸಿದರೆ, ಈ ಸರದಿ ಅವರು ಚೌಕಾಸಿ ಮಾಡುವಂತಿಲ್ಲ.’ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಎಲ್ಲರೂ ಕೇಳುವುದು ಅದನ್ನೇ ತಾನೇ. ನಾನು ಹೊಸದಾಗಿ ಏನೂ ಕಂಡುಹಿಡಿದಿರಲಿಲ್ಲ, ಅದಕ್ಕೇ ಇದು ಬದುಕುತ್ತದೆ ಅಂತ ನನಗೆ ನಂಬಿಕೆ.

ಎರಡನೇ ಕಂತಿನಲ್ಲಿ ನೂರಿಪ್ಪತ್ತು ಕಾರ್ಡು. ನೂರಾಹತ್ತೊಂಬತ್ತಕ್ಕೆ ನಂಬರು ಬಿದ್ದಾಗಿತ್ತು. ಉಳಿದದ್ದು ಒಂದೇ ಜಾಗ, ಅದಕ್ಕೆ ಇಬ್ಬರು ಕಾದಿದ್ದೆವು. ಒಬ್ಬಳು ನಾನು. ಇನ್ನೊಬ್ಬರು ನ್ಯಾಮತಿಯ ಪ್ರಸನ್ನಕುಮಾರ್, ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವರು. ಅವರ ಕಾರ್ಡು ‘ಎಲೆಕ್ಟ್ರಾನಿಕ್ ತಕ್ಕಡಿ’. ಅದನ್ನು ಇನ್ನೂರು ಸಲ ಆಡಿ, ಒಂದೊಂದು ಆಟವನ್ನೂ ಗೆರೆ ಹೊಡೆದ ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನನ್ನ ಬಳಿ ನೋಟ್ ಬುಕ್ಕಿರಲಿಲ್ಲ, ದುರುಗಕ್ಕ ಇದ್ದಳು.

ಮೇಘಶ್ರೀ ನನ್ನ ಮುಖ ನೋಡದೆ ಹೇಳಿದಳು. ‘ಯಾರ ಪೈಕಿ?’ ನಮ್ಮ ನಾಲ್ಕೂರಿನಲ್ಲಿ ಸೋಲುವುದೇ ಇಲ್ಲ, ಬೇರೆ ಕಡೆ ಗೆಲ್ಲುವುದೇ ಇಲ್ಲ, ಅಂಥದ್ದನ್ನು ಹೇಗೆ ಅಚ್ಚು ಹಾಕಲಿ ಅಂತ. ಆದರೂ ಕೊನೇ ಮಾತು ಹೇಳಲಿಲ್ಲ. ಹೊನ್ನಾಳಿಯ ಪಂದ್ಯ ಮುಗಿಯಲಿ, ಆಮೇಲೆ ನೋಡೋಣ ಅಂದಳು.

ಪಂದ್ಯ ಭಾನುವಾರ, ಹೊನ್ನಾಳಿಯ ಒಂದು ಸಮುದಾಯ ಭವನದಲ್ಲಿ. ಊರಿಗಿಬ್ಬರಂತೆ ಎಂಟು ಜನ ಆಟಗಾರರು, ಜಗಳೂರಿನವರಲ್ಲಿ ದುರುಗಕ್ಕ ಒಬ್ಬಳು, ನ್ಯಾಮತಿಯವರಲ್ಲಿ ಪ್ರಸನ್ನಕುಮಾರ್ ಒಬ್ಬರು. ಎಂಟು ಹೊಸ ಕಟ್ಟು, ಒಂದೊಂದರಲ್ಲಿ ಮೂವತ್ತು ಕಾರ್ಡು, ಪ್ರೆಸ್ಸಿನಿಂದಲೇ ಹೋಗಬೇಕು. ಶನಿವಾರ ಮಧ್ಯಾಹ್ನ ಕಾರ್ಡು ಕತ್ತರಿಸಿ ಬಂದವು. ಎಣಿಸಿ, ಜೋಡಿಸಿ, ಪಟ್ಟಿ ಹಾಕುವ ಕೆಲಸ ನನ್ನದು. ಮೇಘಶ್ರೀ ಬಾಡಿಗೆ ಕುರ್ಚಿಯವನ ಜೊತೆ ಫೋನಿನಲ್ಲಿದ್ದಳು. ನಾನು ಎಂಟೂ ಕಟ್ಟು ಜೋಡಿಸಿ, ಒಳಗೆ ಹೋಗಿ ಅರಿಶಿನದ ಬಟ್ಟಲು ತಂದು, ನೀರು ಹನಿಸಿ ಕಲೆಸಿ, ಪ್ರತಿ ಕಟ್ಟಿನ ಮೇಲಿನ ಕಾರ್ಡಿಗೆ ನಾಲ್ಕು ಮೂಲೆಗೂ ಹಚ್ಚಿದೆ. ಮೂವತ್ತು ವರ್ಷ ಆ ಪ್ರೆಸ್ಸಿನಿಂದ ಮೊದಲ ಕಟ್ಟು ಅರಿಶಿನವಿಲ್ಲದೆ ಹೊರಗೆ ಹೋದದ್ದಿಲ್ಲ. ಇದು ಲಗ್ನಪತ್ರಿಕೆಯಲ್ಲ ಅಂತ ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಮೇಲಿನ ಕಾರ್ಡು ಯಾವುದು ಅಂತಲೂ ನಾನು ನೋಡಲಿಲ್ಲ. ಎಂಟೂ ಕಟ್ಟಿನಲ್ಲಿ ಅದು ‘ಹರಾಜಿನ ಬಾಯಿ’, ಇಡೀ ಆಟದಲ್ಲೇ ದೊಡ್ಡ ಬಾಯಿ.

ಭಾನುವಾರ ಎಲ್ಲರೂ ಕೂತು ಕಟ್ಟು ಬಿಚ್ಚಿದರು, ಕಲೆಸಿದರು. ಪ್ರಸನ್ನಕುಮಾರ್ ಮಾತ್ರ ಕಲೆಸುವುದನ್ನು ನಿಲ್ಲಿಸಿ, ಒಂದು ಕಾರ್ಡು ಎತ್ತಿ ಬೆಳಕಿಗೆ ಹಿಡಿದು, ಮೂಗಿಗೂ ಹಿಡಿದರು. ಆಮೇಲೆ ಎದುರಿನವರ ಕಟ್ಟಿನ ಕಡೆ ನೋಡಿ, ನಿಮ್ಮ ದೊಡ್ಡ ಬಾಯಿ ಮೇಲಿನಿಂದ ಆರನೆಯದು ಅಂದರು. ಎಣಿಸಿ ನೋಡಿದರೆ ಆರನೆಯದೇ. ಅಂಚಿನಲ್ಲಿ ಹಳದಿ ಹಿಂಬದಿಯಿಂದಲೂ ಕಾಣುತ್ತಿತ್ತು. ಗುರುತಿರುವ ಕಾರ್ಡಿನಲ್ಲಿ ಪಂದ್ಯ ಆಡುವಂತಿಲ್ಲ, ಅದು ಮೇಘಶ್ರೀಯೇ ಬರೆದ ನಿಯಮ.

ಅವಳು ನನ್ನ ಕಡೆ ತಿರುಗಿದಳು. ನಾನು ಬೆರಳು ಸೆರಗಿನಲ್ಲಿ ಮುಚ್ಚಿಕೊಂಡೆ, ಅವಳು ಆ ಬೆರಳನ್ನೇ ನೋಡಿದಳು.

ಹಳದಿ ಕಾರ್ಡು ತೆಗೆದು ಇಪ್ಪತ್ತೊಂಬತ್ತರಲ್ಲೇ ಆಡೋಣ ಅಂತ ಯಾರೋ ಅಂದರು. ಪ್ರಸನ್ನಕುಮಾರ್ ಒಪ್ಪಲಿಲ್ಲ. “ಮೂವತ್ತು ಅಂತ ಬರೆದ್ರೆ ಮೂವತ್ತೇ ಇರ್ಬೇಕು ಮೇಡಂ. ಒಂದು ಗ್ರಾಮು ಬಿಟ್ರೆ ನಾಳೆ ಒಂದು ಕೇಜಿ ಬಿಡ್ತಾರೆ.” ಬದಲಿಗೆ ಹಾಕಲು ಬೇರೆ ಕಾರ್ಡಿರಲಿಲ್ಲ. ಇದ್ದದ್ದು ಆ ಬಿಸ್ಕೀಟು ಡಬ್ಬಿ. ಪಂದ್ಯ ಮುಗಿದ ಮೇಲೆ ಜನರಿಗೆ ತೋರಿಸಲು ಮೇಘಶ್ರೀ ಅದನ್ನು ತಂದಿದ್ದಳು. ಸತ್ತ ಕಾರ್ಡುಗಳ ಜೊತೆ ಇನ್ನೂ ತೀರ್ಮಾನವಾಗದ ನನ್ನ ಹದಿನೈದನೆಯದೂ ಅದರಲ್ಲೇ ಇತ್ತು. ಕೊನೆಗೆ ಅವಳು ತೀರ್ಮಾನ ಹೇಳಿದಳು. ಒಬ್ಬೊಬ್ಬರಿಗೆ ಒಂದೊಂದು ಪರೀಕ್ಷೆ ಕಾರ್ಡು. ಅದನ್ನು ಕಟ್ಟಿಗೆ ಸೇರಿಸದೆ ಪಕ್ಕದಲ್ಲಿ ಇಟ್ಟುಕೊಂಡು, ಆಟಕ್ಕೆ ಒಂದು ಸಲ ಬಳಸಬಹುದು. ಇವತ್ತು ಒಂದು ದಿನದ ಮಟ್ಟಿಗೆ ನೀಲಿ ಮೊಹರು ಲೆಕ್ಕಕ್ಕಿಲ್ಲ.

ಹಂಚುವ ಕೆಲಸ ನನಗೆ ಹಚ್ಚಿದಳು. ಅರಿಶಿನ ಹಚ್ಚಿದ ಕೈಯೇ ಹಂಚಲಿ ಅಂತ ಸಿಟ್ಟಿನಲ್ಲಿ. ಕಣ್ಣು ಮುಚ್ಚಿ ತೆಗೆಯಬೇಕು ಅಂತಲೂ ಹೇಳಿದಳು.

ನಾನು ಕಣ್ಣು ಮುಚ್ಚಿದೆ. ಅದರಲ್ಲಿ ಮೋಸವಿಲ್ಲ. ಆದರೆ ಬೇರೆಯವರು ಚೀಟಿ ಅಂಟಿಸುವುದು ಅಂಗಡಿ ಗೋಂದಿನಲ್ಲಿ, ನಾನು ಅಂಟಿಸುವುದು ಮನೆಯಲ್ಲಿ ಕಾಸಿದ ಮೈದಾ ಅಂಟಿನಲ್ಲಿ. ಮೈದಾ ಅಂಟು ಒಣಗಿದರೆ ಚೀಟಿ ಸಣ್ಣಗೆ ಸುಕ್ಕಾಗುತ್ತದೆ. ಯಾವ ಸುಕ್ಕು ಯಾವ ಕಾರ್ಡಿನದು ಅಂತ ನನ್ನ ಹೆಬ್ಬೆರಳಿಗೆ ಬಾಯಿಪಾಠ. ದುರುಗಕ್ಕನ ಮುಂದೆ ಬಂದಾಗ ‘ಯಾರ ಪೈಕಿ?’ ಸಿಕ್ಕಿತು. ಪ್ರಸನ್ನಕುಮಾರರ ಮುಂದೆ ನಿಂತಾಗ ನನ್ನ ಬೆರಳು ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಹುಡುಕಾಡಿತು. ಅವರಿಗೆ ‘ಕಣ್ಣೀರು’ ಕೊಟ್ಟೆ. ಮಳೆಗಾಲದಲ್ಲೂ ಆ ಮನುಷ್ಯನ ಕಣ್ಣು ಒದ್ದೆಯಾಗಿದ್ದನ್ನು ಯಾರೂ ಕಂಡಿರಲಾರರು.

ಉಳಿದವರಿಗೆ ಯಾವುದು ಬಂತೋ ಅದನ್ನು ಕೊಟ್ಟೆ. ‘ಬಸ್ಸು ಬಂತು’ ಹೊನ್ನಾಳಿಯವರೊಬ್ಬರಿಗೆ ಹೋಯಿತು. ಎದುರಿನವರು ಮೇಜು ಸುತ್ತುವಾಗ ಅವರ ಕೈಯ ಕಾರ್ಡುಗಳನ್ನು ಇಣುಕಿ ನೋಡಿ, ಮೇಘಶ್ರೀಯ ಕಣ್ಣಿಗೆ ಬಿದ್ದು, ಇವರೇ ಪಂದ್ಯದಿಂದ ಹೊರಗಾದರು.

ದುರುಗಕ್ಕ ಮೊದಲ ಆಟದಲ್ಲಿ, ಚನ್ನಗಿರಿಯ ಪರವಾಗಿ ಬಂದಿದ್ದ ತ್ಯಾವಣಿಗೆಯ ಒಬ್ಬ ಮೇಷ್ಟರ ಎದುರು ಕೂತಳು. ಒಂದೇ ಪ್ರಶ್ನೆ ಸಾಕಾಯಿತು, ಅವರ ಅತ್ತಿಗೆಯ ಸೀಮಂತಕ್ಕೆ ಹಸಿರು ಬಳೆ ತೊಡಿಸಿದ್ದೇ ಇವಳು. ಅತ್ತಿಗೆ ಇವಳ ಅಕ್ಕನ ನಾದಿನಿಯ ಮಗಳು ಅಂತ ಬೆರಳು ಮಡಚಿ ತೋರಿಸಿದಳು. ಎರಡನೇ ಆಟದವರಿಗೆ ಎರಡು ಪ್ರಶ್ನೆ ಬೇಕಾದವು. ಅವರು ಸೋತಮೇಲೂ ಎದ್ದು ಹೋಗಲಿಲ್ಲ. ತಮ್ಮ ಸತ್ತುಹೋದ ಸೋದರಮಾವನ ಸುದ್ದಿ ಇವಳ ಬಾಯಿಂದ ಕೇಳುತ್ತ ಹಿಂದೆಯೇ ಕುರ್ಚಿ ಎಳೆದುಕೊಂಡರು.

ಕೊನೇ ಆಟ ಪ್ರಸನ್ನಕುಮಾರರ ಜೊತೆ. ಅವರು ‘ಕಣ್ಣೀರು’ ಕಾರ್ಡನ್ನು ಮುಟ್ಟದೆ, ಬರೀ ಲೆಕ್ಕಾಚಾರದಲ್ಲೇ ಅಲ್ಲಿಗೆ ಬಂದಿದ್ದರು. ನಿಜ ಹೇಳಬೇಕೆಂದರೆ ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾರೆ. ಅರ್ಧ ಗಂಟೆಯಲ್ಲಿ ಅವರ ಮುಂದೆ ಉಳಿದದ್ದು ಒಂದು ‘ಉಪ್ಪಿನ ಮೂಟೆ’. ದುರುಗಕ್ಕನ ಮುಂದೆ ಇನ್ನೂ ಐದು ಮಾಲು. ಸರದಿ ಇವಳದು. ಮುಂದಿನ ಸರದಿಗೆ ಅವರು ಉಪ್ಪು ಮಾರಿದರೆ ಮುಗಿಯಿತು, ಅದನ್ನು ತಡೆಯುವ ಬಾಯಿ ಇವಳ ಕೈಯಲ್ಲಿಲ್ಲ. ‘ಯಾರ ಪೈಕಿ?’ ನಡೆದರೂ ಹೋಗುವುದು ಒಂದೇ ಮಾಲು, ನಾಲ್ಕು ಅಲ್ಲೇ ಕೂತಿರುತ್ತವೆ. ನಾನು ನೂರಿಪ್ಪತ್ತನೇ ನಂಬರನ್ನು ಮನಸ್ಸಿನಲ್ಲೇ ಒರೆಸಿಹಾಕಿದೆ.

ಆದರೂ ದುರುಗಕ್ಕ ಆ ಕಾರ್ಡು ತಿರುಗಿಸಿಟ್ಟಳು.

“ಯಾವೂರ್ರೀ ನಿಮ್ದು?”

“ನ್ಯಾಮತಿ.”

“ಹುಟ್ಟಿದ್ದೂ ಅಲ್ಲೇನು?”

“ಅದು ಎರಡನೇ ಪ್ರಶ್ನೆ ಆಯ್ತು. ಹುಟ್ಟಿದ್ದು ಗೋವಿನಕೋವಿ.” ಪ್ರಸನ್ನಕುಮಾರ್ ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಗುವುದಕ್ಕೆ ಬದಲು ಅವರು ಅದನ್ನೇ ಮಾಡುವುದು.

ಗೋವಿನಕೋವಿಯಲ್ಲಿ ದುರುಗಕ್ಕನಿಗೆ ಯಾರೂ ಇಲ್ಲ ಅಂತ ನನಗೆ ಗೊತ್ತು. ಇನ್ನು ಒಂದೇ ಪ್ರಶ್ನೆ. ಹೆಂಡತಿಯ ತವರು ಕೇಳಿದರೆ ಊರು ಸಿಗುತ್ತದೆ, ಮನೆ ಸಿಗುವುದಿಲ್ಲ. ಮಾವನ ಹೆಸರು ಕೇಳಿದರೆ ಮನೆ ಸಿಗುತ್ತದೆ, ಊರು ಸಿಗುವುದಿಲ್ಲ. ಇವಳು ಎಲೆ ಅಡಿಕೆ ಚೀಲ ತೆಗೆದು, ಒಂದು ಅಡಿಕೆ ಬಾಯಿಗೆ ಹಾಕಿಕೊಂಡು, ಅದು ನೆನೆಯುವ ತನಕ ಅವರನ್ನೇ ನೋಡಿದಳು.

“ನಿಮಗೆ ಧಾರೆ ಎರೆದೋರು ಯಾರ್ರೀ?”

ಇಲ್ಲಿ ಆ ಮನುಷ್ಯನನ್ನು ಅವರ ನಿಖರತೆಯೇ ಕೆಡಿಸಿತು. ‘ನಮ್ಮ ಮಾವ’ ಅಂದಿದ್ದರೂ ನಿಜವೇ ಆಗುತ್ತಿತ್ತು. ಆದರೆ ತಕ್ಕಡಿಯವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಜಗಳೂರು ಕಡೆಯಿಂದ ಬಂದು ಸಾಸ್ವೆಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನಿಂಗರಾಜ್ ಅವರು, ನನ್ನ ಹೆಂಡತಿಯ ತಂದೆ ಅಂತ ಪೂರ್ತಿ ಹೇಳಿದರು.

ದುರುಗಕ್ಕ ಸೆರಗು ತಲೆ ಮೇಲೆ ಎಳೆದುಕೊಂಡಳು.

“ನಿಂಗ ನಮ್ಮ ಚಿಕ್ಕಪ್ಪನ ಮಗ. ನೀವು ನಮ್ಮ ರಮ್ಯಶ್ರೀ ಗಂಡ ಆಗ್ಬೇಕು. ನಿಮ್ಮ ಮದುವೇಲಿ ನಾನು ಕಾಲು ಮುರ್ಕೊಂಡು ಮಲಗಿದ್ದೆ, ಅದಕ್ಕೆ ನೀವು ನನ್ನ ನೋಡಿಲ್ಲ. ನಾನು ನಿಮ್ಮ ಹೆಂಡ್ತಿಗೆ ಸೋದರತ್ತೆ ಕಣ್ರೀ ಅಳಿಯಂದ್ರೇ.”

ಜನ ಕುರ್ಚಿ ಬಿಟ್ಟು ಎದ್ದು ಬಂದರು. ಪ್ರಸನ್ನಕುಮಾರ್ ಅರ್ಧ ಎದ್ದು, ಕಾಲಿಗೆ ಬೀಳಬೇಕೋ ಆಟ ಮುಂದುವರಿಸಬೇಕೋ ತಿಳಿಯದೆ ಹಾಗೇ ನಿಂತರು. ಮೇಘಶ್ರೀ ನೆಂಟಸ್ತನ ಒಪ್ಪಿದಳು. ಒಂದು ಮಾಲು ಮಾರಿ, ಚೌಕಾಸಿ ಇಲ್ಲ ಅಂದಳು.

“ಮಾರೋದಾ?” ದುರುಗಕ್ಕ ಕೈ ಹಿಂದೆ ತೆಗೆದುಕೊಂಡಳು. “ಅಳಿಯನ ಹತ್ರ ವ್ಯಾಪಾರ ಮಾಡ್ಲೇನಮ್ಮಾ? ನಾಳೆ ನಿಂಗನ ಮುಂದೆ ಹೆಂಗೆ ಮುಖ ತೋರಿಸ್ಲಿ?” ಆಮೇಲೆ ಐದೂ ಮಾಲು ಒಟ್ಟು ಮಾಡಿ, ಮೇಲೆ ಒಂದು ಅಡಿಕೆ ಇಟ್ಟು, ಎರಡೂ ಕೈಯಲ್ಲಿ ಅವರ ಮುಂದೆ ನೀಡಿದಳು. “ಮದುವೇಲಿ ಮುಯ್ಯಿ ಹಾಕಿಲ್ಲ ನಾನು. ತಗೊಳ್ರೀ, ಇದು ಮುಯ್ಯಿ.”

ಅವಳ ಅಂಗಡಿ ಖಾಲಿ. ಅವರ ಅಂಗಡಿಯಲ್ಲಿ ಆರು ಮಾಲು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಪ್ರಸನ್ನಕುಮಾರರಿಗೇ. ಇದು ಮಾರಾಟವಲ್ಲ ಅಂದರು. ಮಾರಾಟ ಅಂತ ಯಾರು ಅಂದರು ಅಂತ ದುರುಗಕ್ಕ. ಒಂದು ಸರದಿಗೆ ಒಂದೇ ಮಾಲು ಅಂದರು. ಅದು ಮಾರುವುದಕ್ಕೆ, ಮುಯ್ಯಿಯನ್ನು ಕಂತಿನಲ್ಲಿ ಹಾಕಿದವರನ್ನು ಎಲ್ಲಾದರೂ ಕಂಡಿದ್ದೀರಾ ಅಂತ ಇವಳು ಸುತ್ತ ನಿಂತವರನ್ನೇ ಕೇಳಿದಳು. ಮೇಘಶ್ರೀ ನಿಯಮದ ಪುಸ್ತಕ ಮೊದಲಿಂದ ಕೊನೇ ತನಕ ಮಗುಚಿದಳು. ಮಾರುವುದು, ಕೊಳ್ಳುವುದು, ಬಚ್ಚಿಡುವುದು, ಕದಿಯುವುದು ಎಲ್ಲಕ್ಕೂ ನಿಯಮವಿತ್ತು. ಸುಮ್ಮನೆ ಕೊಟ್ಟುಬಿಡುವುದಕ್ಕೆ ಇರಲಿಲ್ಲ. ಸಂತೆಯ ಆಟದಲ್ಲಿ ಯಾರಾದರೂ ಸುಮ್ಮನೆ ಕೊಡುತ್ತಾರೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಪ್ರಸನ್ನಕುಮಾರ್ ಕೊನೇ ಅಸ್ತ್ರ ತೆಗೆದರು. “ನಮ್ಮ ಲಗ್ನಪತ್ರಿಕೇಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಅಚ್ಚಾಗಿತ್ತು. ಈ ಮೇಡಮ್ಮೋರ ಪ್ರೆಸ್ಸಿನಾಗೇ.”

ನಿಜ. ಮಡಚಿದವಳು ನಾನೇ ಇರಬೇಕು. ಆ ಸಾಲನ್ನು ಸಾವಿರಾರು ಪತ್ರಿಕೆಗಳಲ್ಲಿ ಮಡಚಿದ್ದೇನೆ.

“ಅದನ್ನ ಓದಿ ಬರಿಗೈಲಿ ಬಂದೋರು ಎಷ್ಟು ಜನ ಇದ್ರು, ನಿಜ ಹೇಳ್ರಿ,” ಅಂದಳು ದುರುಗಕ್ಕ.

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸುಳ್ಳು ಹೇಳಲು ಬರದ ಮನುಷ್ಯ. “ಇಬ್ಬರು,” ಅಂದರು. ಅಷ್ಟೂ ಜನ ನಗುವಾಗ ಕನ್ನಡಕ ತೆಗೆದು ಒರೆಸಿ, ಮುಯ್ಯಿ ತೆಗೆದುಕೊಂಡರು. ಅತ್ತೆಯಾಗಬೇಕಾದವರು ಚಾಚಿದ ಕೈಯನ್ನು ಎಷ್ಟು ಹೊತ್ತು ಅಂತ ಹಾಗೇ ಬಿಡಲಿಕ್ಕಾಗುತ್ತದೆ.

ದುರುಗಕ್ಕ ಗೆದ್ದಳು. ಆದರೆ ನನ್ನ ನಂಬರು ಇನ್ನೂ ಗೆದ್ದಿರಲಿಲ್ಲ.

ಕುರ್ಚಿ ಮಡಚಿಡುವಾಗ ಮೇಘಶ್ರೀ ನನ್ನ ಪಕ್ಕ ಬಂದು ನಿಂತಳು. ಪ್ರಸನ್ನಕುಮಾರರೂ ಅಲ್ಲೇ ಇದ್ದರು.

“ಸಾವಂತ್ರಮ್ಮಾರೇ, ಒಂದು ಕೇಳ್ತೀನಿ. ಆ ಕಾರ್ಡು ದುರುಗಕ್ಕನ ಕೈಗೇ ಹೆಂಗೆ ಹೋಯ್ತು?”

ಅದೃಷ್ಟ ಅಂದಿದ್ದರೆ ನಂಬುತ್ತಿದ್ದಳು. ಆದರೆ ನಂಬರಿನ ಕೆಳಗೆ ನನ್ನ ಹೆಸರು ಬರುತ್ತದೆ. ಆ ಹೆಸರನ್ನು ಪ್ರತಿ ಸಲ ಓದುವಾಗ ಹೆಬ್ಬೆರಳು ತುರಿಸುವುದು ನನಗೆ ಬೇಡವಾಗಿತ್ತು. ಮೈದಾ ಅಂಟಿನ ವಿಷಯ ಹೇಳಿದೆ. ‘ಕಣ್ಣೀರು’ ಅವರಿಗೆ ಹೋದದ್ದೂ ಹಾಗೇ ಅಂದೆ. ಎರಡನ್ನೂ ಮುಟ್ಟಿ ನೋಡಲು ಕೊಟ್ಟೆ. ಮೇಘಶ್ರೀ ಮುಟ್ಟಿ ನೋಡಿ, ತನಗೆ ಏನೂ ಗೊತ್ತಾಗುತ್ತಿಲ್ಲ ಅಂದಳು. ಪ್ರಸನ್ನಕುಮಾರ್ ಮುಟ್ಟಿ ನೋಡಿ, ಬಲಗಡೆ ಮೇಲೆ ಮೂರು ಸುಕ್ಕು, ಇನ್ನೊಂದಕ್ಕೆ ಎರಡು ಅಂದರು.

ಮೋಸ ಆಗಿದ್ದು ನಿಮಗೆ, ತೀರ್ಮಾನ ನೀವೇ ಹೇಳಿ ಅಂತ ಮೇಘಶ್ರೀ ಅವರಿಗೆ ಬಿಟ್ಟಳು. ಅಷ್ಟರಲ್ಲಿ ಅವರಿಗೆ ಹೆಂಡತಿಯ ಫೋನು ಬಂತು. ಅವರು ಪಕ್ಕಕ್ಕೆ ಹೋಗಲಿಲ್ಲ, ಹೋಗಿದ್ದರೂ ಕೇಳಿಸುತ್ತಿತ್ತು. ಸುದ್ದಿ ಆಗಲೇ ಸಾಸ್ವೆಹಳ್ಳಿಗೆ ಹೋಗಿ ನ್ಯಾಮತಿಗೆ ವಾಪಸು ಬಂದಿತ್ತು. ಅತ್ತೆ ಕೊಟ್ಟ ಮುಯ್ಯಿಗೆ ಲಗ್ನಪತ್ರಿಕೆ ತೋರಿಸಿದರಂತೆ ಅಂತ ಹೆಂಡತಿ ಕೇಳುತ್ತಿದ್ದಳು. ಅವರು ಮೂರು ಸಲ ‘ಹಂಗಲ್ಲ’ ಅಂದರು, ಒಂದು ಸಲ ‘ಆಯ್ತು’ ಅಂದರು.

ಫೋನು ಜೇಬಿಗೆ ಹಾಕಿಕೊಂಡು ನನ್ನ ಕಡೆ ನೋಡಿದರು. ಹಂಚಿದ್ದು ಮೋಸ, ಆದರೆ ಕೇಳಿದ ಪ್ರಶ್ನೆಗಳಲ್ಲಿ ಮೋಸವಿಲ್ಲ ಅಂದರು. ತಮ್ಮ ತಕ್ಕಡಿ ಮೂರನೇ ಕಂತಿಗೆ ಕಾಯಬಹುದು, ಎಷ್ಟು ದಿನ ನಿಂತರೂ ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಅಂದರು. “ಇದಕ್ಕೇ ನಂಬರು ಕೊಡ್ರಿ ಮೇಡಂ. ಆದ್ರೆ ಕೆಳಗೆ ಒಂದು ಸಾಲು ಸೇರಿಸ್ಬೇಕು. ‘ಅಳಿಯಂದಿರ ಮೇಲೆ ಈ ಕಾರ್ಡು ನಡೆಯುವುದಿಲ್ಲ.’ ನನಗಾಗಿದ್ದು ಇನ್ನೊಬ್ಬ ಅಳಿಯನಿಗೆ ಆಗಬಾರದು.”

ಮೇಘಶ್ರೀ ನೀಲಿ ಮೊಹರಿನ ಮೇಲೆ ಅಡ್ಡ ಗೆರೆ ಎಳೆದು 120 ಅಂತ ಬರೆದಳು. ಪೆನ್ನು ಮೊದಲ ಸಲ ಬರೆಯಲಿಲ್ಲ. ಅಂಗೈ ಮೇಲೆ ಗೀಚಿ ನೋಡಿ ಮತ್ತೆ ಬರೆದಳು.

ಎರಡನೇ ಕಂತು ಅಂಗಡಿಗೆ ಬಂದು ಹದಿನೈದು ದಿನವಾಗಿದೆ. ಮೊನ್ನೆ ಜಗಳೂರಿನಿಂದ ದುರುಗಕ್ಕ ಫೋನು ಮಾಡಿದ್ದಳು. ಆ ಸಾಲು ಓದಿದ ಮೇಲೆ ಅವಳ ಎದುರು ಆಡಲು ಕೂತವರೆಲ್ಲ, ಅವಳು ಬಾಯಿ ತೆರೆಯುವ ಮುಂಚೆಯೇ ತಾವು ಅವಳಿಗೆ ಅಳಿಯನಾಗಬೇಕು ಅಂತ ತಾವಾಗಿಯೇ ಸಂಬಂಧ ಹಚ್ಚಿಕೊಂಡು ಬರುತ್ತಿದ್ದಾರಂತೆ. ಒಂದು ವಾರಕ್ಕೆ ಹದಿನೇಳು ಅಳಿಯಂದಿರು. ಅವರಲ್ಲಿ ಇಬ್ಬರಿಗೆ ಇನ್ನೂ ಮದುವೆಯಾಗಿಲ್ಲ. ಎಲ್ಲರಿಗೂ ಊಟಕ್ಕಿಕ್ಕಿ ಕಳಿಸಬೇಕಾಗಿ ಬಂದಿದೆ, ನಿನ್ನ ಕಾರ್ಡಿನಿಂದ ನನ್ನ ಮನೆಯ ಅಕ್ಕಿ ಖಾಲಿಯಾಗುತ್ತಿದೆ ಅಂತ ನನ್ನನ್ನು ಬೈದಳು.